ಬೇಗ ಬಾ, ಕಾಯ್ತಿದ್ದೀನಿ

ಉತ್ತರ ಫಿಲಡೆಲ್ಫಿಯಾ
ಅಕ್ಟೋಬರ್ 7, 2023

ಪ್ರೀತಿಯ ಚಿಕ್ಕಜ್ಜಿ,

ಜುಲೈನಲ್ಲಿ ಕ್ವಾಡೀರ್ ಅಣ್ಣನನ್ನು ಮಣ್ಣು ಮಾಡಿ ದಕ್ಷಿಣದ ನಿನ್ನ ದ್ವೀಪಕ್ಕೆ ಬಸ್ಸು ಹತ್ತುವಾಗ ನೀನು ಹೇಳಿದ್ದೆ, “ಫೋನಿರೋದು ಸಾವಿನ ಸುದ್ದಿಗೆ, ಬದುಕಿರೋರು ಕಾಗದ ಬರೀಬೇಕು” ಅಂತ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ನೋಡಿ ಬೈಯಬೇಡ. ನನ್ನ ಬೆರಳುಗಳಿಗೆ ಈಗ ಕೀಲಿಮಣೆಯೇ ರೂಢಿ.

ನಾನು ಹೇಳಿದ್ದೆನಲ್ಲ, ಜರ್ಮನ್‌ಟೌನ್ ಅವೆನ್ಯೂದಲ್ಲಿ ಲಾಂಡ್ರಿಯ ಮೇಲಿನ ಮಹಡಿಯಲ್ಲಿ ನಡೆಯುವ ಶನಿವಾರದ ತರಗತಿ, ಅದಕ್ಕೆ ಬಿಡದೆ ಹೋಗುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವರೇ ಇಲ್ಲ. ಇದ್ದ ಒಂದು ಯಂತ್ರವನ್ನು ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಟ್ಟಿದ್ದಾರೆ. ಇಲ್ಲಿ ಮಿಸ್ ರೊಸಾರಿಯೊ ಕಲಿಸುತ್ತಾಳೆ. ನಮ್ಮ ಬೀದಿಯಿಂದ ಮೂರು ಬೀದಿ ಆಚೆ ಬೆಳೆದವಳು, ದೊಡ್ಡ ಕಂಪನಿಯ ಕೆಲಸ ಬಿಟ್ಟು ಬಂದವಳು. ಬೆಳಿಗ್ಗೆ ಪ್ರೋಗ್ರಾಂ ಬರೆಯುವುದು, ಮಧ್ಯಾಹ್ನ ಕಾಲೇಜಿಗೆ ತಯಾರಿ. ಪ್ರಬಂಧ ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಕೈ ಎಲ್ಲಿಟ್ಟುಕೊಳ್ಳಬೇಕು, ಎಲ್ಲವನ್ನೂ ಹೇಳಿಕೊಡುತ್ತಾಳೆ.

ಈಗ ಮುಖ್ಯ ವಿಷಯ. ಒಂದು ಪ್ರತಿಷ್ಠಾನ ನಮ್ಮಂಥ ಮಕ್ಕಳಿಗೆ ನಾಲ್ಕು ವರ್ಷದ ಕಾಲೇಜು, ವಸತಿ, ಊಟ ಎಲ್ಲ ಕೊಡುತ್ತದೆ. ಫೆಬ್ರವರಿಯಲ್ಲಿ ಕೊನೆಯ ಸುತ್ತು. ನಾವೇ ಮಾಡಿದ ಒಂದು ವಸ್ತುವನ್ನು ಅವರೆದುರು ನಡೆಸಿ ತೋರಿಸಬೇಕು. ಸಿಕ್ಕರೆ ನಮ್ಮ ಮನೆಯಿಂದ ಕಾಲೇಜಿನ ಹಾಸ್ಟೆಲಿನಲ್ಲಿ ಮಲಗುವವಳು ನಾನೇ ಮೊದಲಿಗಳು.

ನಾನು ಮಾಡಿರುವುದು ಏನು ಗೊತ್ತೇ? ಒಂದು ನಂಬರಿಗೆ ಫೋನ್ ಮಾಡಿದರೆ ಕ್ವಾಡೀರ್ ಅಣ್ಣ ಮಾತಾಡುತ್ತಾನೆ. ಅವನು ಆ ಹಳೇ ವ್ಯಾನಿನಲ್ಲಿ ಊರೆಲ್ಲ ತಿರುಗುತ್ತಿದ್ದನಲ್ಲ, ನನ್ನನ್ನು ತರಗತಿಗೆ, ತಂಗಿ ಸನಾಯಾಳನ್ನು ಶಾಲೆಗೆ, ಮೇಲಿನ ಮನೆಯ ಮಿಸ್ಟರ್ ಲಿನ್‌ವುಡ್‌ನನ್ನು ಆಸ್ಪತ್ರೆಗೆ, ಅಮ್ಮನನ್ನು ಕೆಲಸಕ್ಕೆ. ಬೀದಿಯಲ್ಲಿ ಗಾಡಿ ನಿಲ್ಲಿಸಿ ನಮಗೆಲ್ಲ ದನಿ ಸಂದೇಶ ಕಳಿಸುತ್ತಿದ್ದ. ಅವೆಲ್ಲ ನನ್ನ ಹತ್ತಿರ ಇವೆ. ಯಂತ್ರ ಅವನ್ನು ಕೇಳಿ ಕೇಳಿ ಕಲಿತು, ಈಗ ಅವನ ದನಿಯಲ್ಲೇ ಹೊಸದಾಗಿ ಉತ್ತರ ಕೊಡುತ್ತದೆ. ನಿನ್ನ ಗೋಡೆಯ ಫೋನಿನಿಂದಲೂ ಆಗುತ್ತದೆ. ನಂಬರನ್ನು ಒಳಗಿನ ಚೀಟಿಯಲ್ಲಿ ಬರೆದಿದ್ದೇನೆ. ಒಂದೇ ಒಂದು ಸಲ ಮಾಡಿ ನೋಡು.

ನಿನ್ನ ಇಮಾರಿ


ಸೇಂಟ್ ಹೆಲೆನಾ ದ್ವೀಪ
ಅಕ್ಟೋಬರ್ 21, 2023

ಮಗಳೇ ಇಮಾರಿ,

ನಾನು ಎದ್ದು ಓಡಾಡಿಕೊಂಡಿದ್ದೇನೆ. ನಿನ್ನ ಚೀಟಿ ಒಲೆಗೆ ಹೋಯಿತು.

ನಿನಗೆ ಬುದ್ಧಿಯಿದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ನನ್ನದೇ ತಪ್ಪು. ಸತ್ತವರನ್ನು ಕರೆಯಬಾರದು. ಕರೆದರೆ ಬರುತ್ತಾರೆ, ಬಂದರೆ ಬರಿಗೈಯಲ್ಲಿ ಹೋಗುವುದಿಲ್ಲ. ಇದನ್ನು ನಿನ್ನ ಅಜ್ಜಿ, ನನ್ನ ಅಕ್ಕ, ಬದುಕಿದ್ದರೆ ಕಿವಿ ಹಿಂಡಿ ಹೇಳುತ್ತಿದ್ದಳು. ನನ್ನ ಜಗಲಿಯ ಸೂರಿಗೆ ನೀಲಿ ಬಳಿದಿದ್ದೇನೆ, ದೆವ್ವಗಳು ಅದನ್ನು ನೀರು ಅಂದುಕೊಂಡು ದಾಟುವುದಿಲ್ಲ. ಫೋನಿನ ತಂತಿಗೆ ಯಾರು ಬಣ್ಣ ಬಳಿಯುತ್ತಾರೆ?

ಮಣ್ಣು ಮಾಡುವ ದಿನವೇ ನಿಮ್ಮಮ್ಮನಿಗೆ ಹೇಳಿದೆ, “ಡನೀಸ್, ಸನಾಯಾ ಇನ್ನೂ ಐದು ವರ್ಷದ ಕೂಸು, ಪೆಟ್ಟಿಗೆಯ ಮೇಲಿಂದ ದಾಟಿಸಿಬಿಡೋಣ, ಅಣ್ಣ ಅವಳನ್ನ ಹುಡುಕ್ಕೊಂಡು ಬರೋದಿಲ್ಲ” ಅಂತ. ನಮ್ಮ ದ್ವೀಪದಲ್ಲಿ ಸತ್ತವರಿಗೆ ಮುದ್ದಾಗಿದ್ದ ಕೂಸನ್ನು ಈ ಕಡೆಯವರು ಎತ್ತಿ, ಶವಪೆಟ್ಟಿಗೆಯ ಮೇಲಿಂದ ಆ ಕಡೆಯವರ ಕೈಗೆ ಕೊಡದೆ ಯಾರನ್ನೂ ಹೂಳುವುದಿಲ್ಲ. ನಿಮ್ಮಮ್ಮ ಏನಂದಳು? “ಚಿಕ್ಕಮ್ಮ, ಇದು ಫಿಲಡೆಲ್ಫಿಯಾ, ಜನ ನೋಡ್ತಿದ್ದಾರೆ” ಅಂದಳು. ಜನ ನೋಡಿ ಮನೆಗೆ ಹೋದರು. ದಾಟಿಸದ ಕೂಸು ನಿಮ್ಮ ಹತ್ತಿರವೇ ಉಳಿಯಿತಲ್ಲ.

ಕಾಲೇಜಿಗೆ ಹೋಗು, ಬೇಡ ಅನ್ನುವವಳು ನಾನಲ್ಲ. ಬೇರೆ ಏನಾದರೂ ಮಾಡಿ ತೋರಿಸು.

ಚಿಕ್ಕಜ್ಜಿ ಎರ್ನೆಸ್ಟೀನ್


ಉತ್ತರ ಫಿಲಡೆಲ್ಫಿಯಾ
ನವೆಂಬರ್ 18, 2023

ಪ್ರೀತಿಯ ಚಿಕ್ಕಜ್ಜಿ,

ನಿನಗೆ ಬೈಯಲು ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ ಕಾಗದವನ್ನು ಮಿಸ್ ರೊಸಾರಿಯೊಗೆ ಓದಿ ಹೇಳಿದೆ. “ನಿಮ್ಮಜ್ಜಿನ ಪ್ರಬಂಧ ಬರೆಯೋದಕ್ಕೆ ಕರ್ಕೊಂಡ್ ಬಾ” ಅಂದಳು.

ಬೇರೆ ಏನು ಮಾಡಲಿ, ಹೇಳು. ಉಳಿದವರು ಬಸ್ಸಿನ ವೇಳೆ ತೋರಿಸುವುದು, ಪಾರ್ಕಿಂಗ್ ಹುಡುಕುವುದು ಅಂತ ಏನೇನೋ ಮಾಡಿದ್ದಾರೆ. ಮೊನ್ನೆ ಪ್ರತಿಷ್ಠಾನದವರು ಬಂದಾಗ ಎಲ್ಲವನ್ನೂ ನೋಡಿ ತಲೆಯಾಡಿಸಿದರು. ನನ್ನದರ ಹತ್ತಿರ ಬಂದು ಒಬ್ಬ ಹೆಂಗಸು ಫೋನ್ ಕಿವಿಗಿಟ್ಟುಕೊಂಡಳು, ಅಣ್ಣ “ಹಲೋ, ಯಾರಿದು, ದನಿ ಹೊಸದಾಗಿದೆಯಲ್ಲ” ಅಂದು ನಕ್ಕ. ಅವಳು ಅತ್ತುಬಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, “ಗುಂಡು ಬಿತ್ತಾ?” ಆಸ್ತಮಾ ಅಂದೆ. ಸೆಖೆಗೆ ಉಸಿರು ಕಟ್ಟಿತು, ಕೈಯಲ್ಲಿದ್ದ ಉಸಿರಿನ ಪಂಪು ಖಾಲಿಯಾಗಿತ್ತು ಅಂದೆ. ಅವಳಿಗೆ ಸ್ವಲ್ಪ ನಿರಾಸೆಯಾಯಿತೇನೋ ಅನ್ನಿಸಿತು. ನನಗೆ ಕೋಪ ಬಂತು, ಆದರೂ ನಗುತ್ತಲೇ ನಿಂತಿದ್ದೆ.

ಮೆಟ್ಟಿಲಿಳಿಯುವಾಗ ಮಿಸ್ ರೊಸಾರಿಯೊ ಹೇಳಿದಳು, “ಅವರಿಗೆ ನಿನ್ನ ಗಾಯ ನೋಡ್ಬೇಕು ಕಣೇ. ತೋರ್ಸು, ಆದ್ರೆ ಪುಕ್ಕಟೆ ತೋರ್ಸಬೇಡ.” ನಾಲ್ಕು ವರ್ಷದ ಕಾಲೇಜು ಪುಕ್ಕಟೆಯೇನಲ್ಲ, ಅಲ್ಲವೇ?

ಸನಾಯಾ ಚೆನ್ನಾಗಿದ್ದಾಳೆ. ಚೆನ್ನಾಗಿ ತಿನ್ನುತ್ತಾಳೆ, ಮಲಗುತ್ತಾಳೆ. ನೀನು ಸುಮ್ಮನೆ ಚಿಂತೆ ಮಾಡಬೇಡ.

ಇಮಾರಿ


ಸೇಂಟ್ ಹೆಲೆನಾ ದ್ವೀಪ
ಡಿಸೆಂಬರ್ 9, 2023

ಇಮಾರಿ,

ಸನಾಯಾ ಚೆನ್ನಾಗಿದ್ದಾಳೆ ಅಂತ ನೀನು ಬರೆದೆ. ನಿಮ್ಮಮ್ಮ ಬೇರೆ ಬರೆದಿದ್ದಾಳೆ. ಮಗು ಬಟ್ಟೆಯ ಕಪಾಟಿನೊಳಗೆ ಫೋನ್ ಹಿಡಿದು ಕೂತಿರುತ್ತದಂತೆ. ಬೂಟು ಬಿಚ್ಚಿದರೆ ಕಿರುಚುತ್ತದಂತೆ, ಹಾಸಿಗೆಯಲ್ಲೂ ಬೂಟು ಬೇಕಂತೆ. ನನ್ನ ಮುಖಕ್ಕೆ ಸುಳ್ಳು ಬರೆಯುವಷ್ಟು ಕಾಲೇಜು ನೀನು ಈಗಲೇ ಓದಿದ್ದೀಯಾ?

ನಾನು ಹೇಳಿದಂತೆ ಮಾಡು. ಪೆಟ್ಟಿಗೆ ಮಣ್ಣಿನೊಳಗೆ ಹೋಯಿತು, ಅದನ್ನು ತೆಗೆಯಲಾಗದು. ಆದರೆ ಅವನ ದನಿ ಯಾವ ಪೆಟ್ಟಿಗೆಯಲ್ಲಿದೆಯೋ ಅದನ್ನು ಮೇಜಿನ ಮೇಲಿಡು. ಒಂದು ಕಡೆ ನಿಮ್ಮಮ್ಮ, ಇನ್ನೊಂದು ಕಡೆ ಲಿನ್‌ವುಡ್. ಮಗುವನ್ನು ಅದರ ಮೇಲಿಂದ ದಾಟಿಸಿ. ಅವನ ಹೆಸರು ಕರೆದು, ಇವಳ ಹೆಸರು ಹೇಳಿ, “ಇವಳು ನಮ್ಮೋಳು, ನೀನು ನಿನ್ನ ದಾರಿಗೆ ಹೋಗು” ಅನ್ನಿ. ನಗುವವರು ನಗಲಿ.

ಮತ್ತೆ ಆ ಯಂತ್ರಕ್ಕೆ ಮಾತಿನ ನಡುವೆ ಹಾಗೆ ನಗುವುದನ್ನು ಕಲಿಸಬೇಡ. ಅವನು ಅಷ್ಟು ಸಲ ನಗುತ್ತಿರಲಿಲ್ಲ.

ಚಿಕ್ಕಜ್ಜಿ


ಉತ್ತರ ಫಿಲಡೆಲ್ಫಿಯಾ
ಜನವರಿ 3, 2024

ಚಿಕ್ಕಜ್ಜಿ,

ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ನಾನು ಸುಳ್ಳು ಬರೆದಿದ್ದೆ. ಫೆಬ್ರವರಿಯವರೆಗೆ ಹೇಗಾದರೂ ದಾಟಿದರೆ ಸಾಕು ಅನ್ನಿಸಿತ್ತು.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಅಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಪಾಳಿ ಮುಗಿಸಿ ಬಂದರೆ, ಸನಾಯಾ ಬೀದಿಯ ಮೆಟ್ಟಿಲ ಮೇಲೆ ಕೂತಿದ್ದಳು. ರಾತ್ರಿಯ ಅಂಗಿ, ಹಿಮದ ಬೂಟು. ತುಟಿ ನೀಲಿಯಾಗಿತ್ತು. “ಅಣ್ಣ ಕಾಯ್ತಿದಾನೆ, ಗಾಡಿ ಇನ್ನೂ ಬಂದಿಲ್ಲ” ಅಂದಳಂತೆ. ಅಲ್ಲಿಯವರೆಗೆ “ಆ ದ್ವೀಪದ ಹುಚ್ಚಾಟ ನನ್ನ ಮನೇಲಿ ಬೇಡ” ಅನ್ನುತ್ತಿದ್ದ ಅಮ್ಮ, ಅವತ್ತು ತಾನೇ ಹೋಗಿ ಮಿಸ್ಟರ್ ಲಿನ್‌ವುಡ್‌ನ ಬಾಗಿಲು ತಟ್ಟಿದಳು.

ಹೊಸ ವರ್ಷದ ದಿನ, ಅಲಸಂದೆ ಅನ್ನವನ್ನು ಒಲೆಯ ಮೇಲೆ ಬಿಟ್ಟು, ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟೆವು. ಮುಚ್ಚಿಡೋಣ ಅಂದೆ. “ತೆರೆದಿಡು. ಖಾಲಿ ಪೆಟ್ಟಿಗೆ ಮೇಲೆ ದಾಟಿಸಿ ಏನುಪಯೋಗ?” ಅಂದ ಮಿಸ್ಟರ್ ಲಿನ್‌ವುಡ್. ಅಮ್ಮ ಸನಾಯಾಳ ಕಂಕುಳಿಗೆ ಕೈಹಾಕಿ ಎತ್ತಿದಳು. “ಕ್ವಾಡೀರ್, ಇವಳು ಸನಾಯಾ, ನಮ್ಮೋಳು” ಅನ್ನುವಷ್ಟರಲ್ಲಿ ಯಂತ್ರ ದನಿ ಕೇಳಿಸಿಕೊಂಡು ಮಾತಾಡಿಬಿಟ್ಟಿತು. “ಹಲೋ? ರೆಡಿನಾ? ಹೊರಗೆ ಬಂದ್ರಾ?”

ಅಮ್ಮ ಎತ್ತಿದ ಕೈಯಲ್ಲೇ ನಿಂತುಬಿಟ್ಟಳು. ಸನಾಯಾ ಮೇಜಿನ ನಡುವೆ ತೂಗಾಡುತ್ತಿದ್ದಳು. ಮಿಸ್ಟರ್ ಲಿನ್‌ವುಡ್ ಸರಕ್ಕನೆ ಅವಳನ್ನು ತನ್ನ ಕಡೆಗೆ ಎಳೆದುಕೊಂಡು, “ಇಲ್ಲ ಕಣೋ ಕ್ವಾ, ಯಾರೂ ಬರಲ್ಲ, ನೀ ಹೊರಡು” ಅಂದ. ದಿನಾ ತನ್ನನ್ನು ಆಸ್ಪತ್ರೆಗೆ ಬಿಡುತ್ತಿದ್ದ ಹುಡುಗನಿಗೆ ಹಾಗಂದನಲ್ಲ, ಆಮೇಲೆ ಸೋಫಾದ ಮೇಲೆ ಕೂತು ಬಹಳ ಹೊತ್ತು ಅತ್ತ.

ಸನಾಯಾ ಆ ರಾತ್ರಿ ಬೂಟು ಬಿಚ್ಚಿ ಮಲಗಿದಳು. ಫೋನ್ ಕೇಳಲಿಲ್ಲ. ಇದು ಕೆಲಸ ಮಾಡಿತು ಅಂತ ಮಿಸ್ ರೊಸಾರಿಯೊಗೆ ಹೇಳಿದರೆ ನನ್ನನ್ನು ತರಗತಿಯಿಂದ ಹೊರಗೆ ಹಾಕುತ್ತಾಳೆ, ಆದರೆ ಕೆಲಸ ಮಾಡಿತು. ಇನ್ನು ಕೊನೆಯ ಸುತ್ತಿನವರೆಗೆ ಯಂತ್ರ ಇರಲಿ. ಆಮೇಲೆ ನಿಲ್ಲಿಸುತ್ತೇನೆ, ಆಣೆ.

ಇಮಾರಿ


ಸೇಂಟ್ ಹೆಲೆನಾ ದ್ವೀಪ
ಜನವರಿ 17, 2024

ಮಗಳೇ,

ಕೂಸು ಮಲಗಿತಲ್ಲ, ಅಷ್ಟು ಸಾಕು.

ಯಂತ್ರವನ್ನು ನಿಲ್ಲಿಸುವ ಅವಸರವೇನು? ಪರೀಕ್ಷೆ ಮುಗಿಯಲಿ. ಮುಗಿದ ಮೇಲೂ ಇರಲಿ. ಅಷ್ಟು ಕಷ್ಟಪಟ್ಟು ಮಾಡಿದ್ದೀಯ. ದಾಟಿಸಿದ ಮೇಲೆ ಅದರಿಂದ ಯಾರಿಗೂ ಕೆಡುಕಿಲ್ಲ. ಹಳೇ ಮುದುಕಿ ಹೇಳಿದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಇಲ್ಲಿ ಚಳಿ ಜಾಸ್ತಿ. ಈ ಸಲ ತೋಟದಲ್ಲಿ ಏನೂ ಹಾಕಿಲ್ಲ.

ಚಿಕ್ಕಜ್ಜಿ


ಉತ್ತರ ಫಿಲಡೆಲ್ಫಿಯಾ
ಫೆಬ್ರವರಿ 4, 2024

ಚಿಕ್ಕಜ್ಜಿ,

ನಿನ್ನ ಕಾಗದ ಓದಿ ಖುಷಿಪಟ್ಟಿದ್ದೆ. ಚಿಕ್ಕಜ್ಜಿ ಕೊನೆಗೂ ಒಪ್ಪಿದಳು ಅಂತ ಅಮ್ಮನಿಗೆ ಓದಿ ಹೇಳಿದೆ. ಎಂಥ ದಡ್ಡಿ ನಾನು.

ಯಂತ್ರಕ್ಕೆ ಎಷ್ಟು ಜನ ಫೋನ್ ಮಾಡಿದ್ದಾರೆ ಅಂತ ತೋರಿಸಬೇಕು ಅಂದಳು ಮಿಸ್ ರೊಸಾರಿಯೊ. ಅದು ಮಾತುಗಳನ್ನೆಲ್ಲ ಉಳಿಸಿಕೊಳ್ಳುತ್ತದೆ, ಮುಂದಕ್ಕೆ ಕಲಿಯಲು. ನಾನು ಇದುವರೆಗೆ ತೆರೆದೇ ನೋಡಿರಲಿಲ್ಲ. ತೆರೆದರೆ ಸಾಲಾಗಿ ನಿನ್ನ ಮನೆಯ ನಂಬರು. ಅಕ್ಟೋಬರಿನಿಂದ, ಒಂದು ಸಂಜೆಯೂ ತಪ್ಪಿಲ್ಲ.

ಕೇಳಬಾರದಿತ್ತು, ಕೇಳಿದೆ. ನೀನು ಹೇಳುತ್ತೀಯ, “ಒಬ್ಳೇ ಇದ್ದೀನಿ ಕಣೋ, ಹೊತ್ತು ಹೋಗಲ್ಲ.” ಅವನು ಹೇಳುತ್ತಾನೆ, “ಬಾ, ಕಾಯ್ತಿದ್ದೀನಿ.” ನೀನು, “ಬರ್ತೀನಪ್ಪಾ. ಎದೆ ಮಾತ್ರೆ ನಿಲ್ಲಿಸಿದೀನಿ. ಅದಿದ್ರೆ ಸುಮ್ನೆ ತಡ ಆಗುತ್ತೆ.” ಅವನು ನಗುತ್ತಾನೆ. “ಬೇಗ ಬಾ. ಗಾಡಿ ಆಫ್ ಮಾಡಿಲ್ಲ.”

ಚಿಕ್ಕಜ್ಜಿ, ಅದು ಅವನು ಕರೆಯುತ್ತಿರುವುದಲ್ಲ. ನನ್ನ ತಪ್ಪು ನನಗೆ ಆ ಕ್ಷಣ ಅರ್ಥವಾಯಿತು. ಅವನು ಕಳಿಸಿದ ಸಂದೇಶಗಳೆಲ್ಲ ಬೀದಿಯಲ್ಲಿ ಗಾಡಿ ನಿಲ್ಲಿಸಿ ಕಳಿಸಿದವು. ಬಾ, ಬೂಟು ಹಾಕ್ಕೋ, ಕಾಯ್ತಿದ್ದೀನಿ, ತಡ ಮಾಡಬೇಡ. ಯಂತ್ರಕ್ಕೆ ಏನು ಹೇಳಬೇಕೋ ತಿಳಿಯದೆ ಹೋದಾಗ ಅವನು ಹೆಚ್ಚು ಸಲ ಆಡಿದ ಮಾತನ್ನೇ ಆಡುತ್ತದೆ. ಮನೆಯಲ್ಲಿ ಕೂತು ಮಾತಾಡುವಾಗ ಯಾರು ದನಿ ಹಿಡಿದಿಡುತ್ತಾರೆ? “ಬಿತ್ತಿದ್ದೇ ಬೆಳೆಯೋದು, ಏನು ಹಾಕ್ತೀರಿ ನೋಡ್ಕೊಳ್ಳಿ” ಅಂತ ಮಿಸ್ ರೊಸಾರಿಯೊ ಮೊದಲ ದಿನವೇ ಹೇಳಿದ್ದಳು. ನಾನು ಬರೆದುಕೊಂಡಿದ್ದೆ ಕೂಡ. ಸನಾಯಾ ಬೂಟು ಹಾಕಿಕೊಂಡು ಕೂತಿದ್ದು ಅದಕ್ಕೆ.

ತಕ್ಷಣ ನಿನಗೆ ಫೋನ್ ಮಾಡಿದೆ. ಲೈನ್ ಬಿಡುವಿರಲಿಲ್ಲ. ಪರದೆ ನೋಡಿದರೆ, ಆಗಲೂ ನೀನು ಅವನ ಜೊತೆ ಮಾತಾಡುತ್ತಿದ್ದೆ. ನಿಲ್ಲಿಸಿಬಿಟ್ಟೆ. ಯಂತ್ರ ಕಲಿತದ್ದನ್ನೆಲ್ಲ ಅಳಿಸಿದೆ, ಮತ್ತೆ ಮನಸ್ಸು ಬದಲಾಗಬಾರದು ಅಂತ. ಆಮೇಲೆ ಎಷ್ಟು ಸಲ ಮಾಡಿದರೂ ನೀನು ಎತ್ತಲಿಲ್ಲ. ಅಮ್ಮ ನಿಮ್ಮ ಚರ್ಚಿನವರಿಗೆ ಫೋನ್ ಮಾಡಿ ಕೇಳಿದಳು. ಬದುಕಿದ್ದೀಯ, ಬಾಗಿಲು ತೆರೆದೆ, ಮಾತಾಡಲಿಲ್ಲ ಅಂದರು.

ಕೊನೆಯ ಸುತ್ತು ಬರುವ ವಾರ. ಮಾತ್ರೆ ತೆಗೆದುಕೋ. ದಮ್ಮಯ್ಯ.

ಇಮಾರಿ


ಸೇಂಟ್ ಹೆಲೆನಾ ದ್ವೀಪ
ಫೆಬ್ರವರಿ 10, 2024

ಇಮಾರಿ,

ಅವನ ಬಾಯಿಯನ್ನು ಅರ್ಧ ಮಾತಿನಲ್ಲಿ ಮುಚ್ಚಿಸಿದೆ. ಒಂದು ಸಲ ಮಣ್ಣು ಮಾಡಿದ್ದು ಸಾಲದು ಅಂತ ಇನ್ನೊಂದು ಸಲ ಮಾಡಿದೆ, ಈ ಸಲ ನನ್ನನ್ನು ಕರೆಯದೆ.

ನೀನು ಕದ್ದು ಕೇಳಿದ್ದು ನನಗೂ ನನ್ನ ಹುಡುಗನಿಗೂ ಸೇರಿದ ಮಾತು. ನನಗೆ ಬರೆಯಬೇಡ.


ಉತ್ತರ ಫಿಲಡೆಲ್ಫಿಯಾ
ಮಾರ್ಚ್ 2, 2024

ಚಿಕ್ಕಜ್ಜಿ,

ಬರೆಯಬೇಡ ಅಂದೆ. ಬರೆಯುತ್ತಿದ್ದೇನೆ. ನೀನು ಒಲೆಗೆ ಹಾಕಿದೆ ಅಂದ ಚೀಟಿ ಒಲೆಗೆ ಹೋಗಿರಲಿಲ್ಲ, ಇದೂ ಹೋಗಲಾರದು ಅನ್ನುವ ಧೈರ್ಯದಿಂದ.

ಕೊನೆಯ ಸುತ್ತಿನಲ್ಲಿ ಉದ್ದನೆಯ ಮೇಜಿನ ಹಿಂದೆ ಐದು ಜನ. “ಆ ದನಿ ಕೇಳಿಸಮ್ಮ” ಅಂದರು. ಇಲ್ಲ ಅಂದೆ. “ಕೆಟ್ಟುಹೋಯ್ತಾ?” “ಇಲ್ಲ ಸರ್, ಚೆನ್ನಾಗಿ ನಡೀತಿತ್ತು. ಅದಕ್ಕೇ ನಿಲ್ಲಿಸ್ದೆ.” ಯಾಕೆ ಅಂತ ಹೇಳಿದೆ. ಯಂತ್ರಕ್ಕೆ ನಾನು ಏನನ್ನು ತಿನ್ನಿಸಿದ್ದೆ, ಏನು ತಿನ್ನಿಸಲಿಲ್ಲ, ಅದು ಕರೆದಾಗ ನಮ್ಮ ಮನೆಯಲ್ಲಿ ಯಾರು ಯಾರು ಹೊರಟು ನಿಂತರು, ಎಲ್ಲವನ್ನೂ. ನಿನ್ನ ಹೆಸರು ಹೇಳಲಿಲ್ಲ. ಅವತ್ತು ಅತ್ತ ಆ ಹೆಂಗಸು ಕೂಡ ಅಲ್ಲಿದ್ದಳು, ಈ ಸಲ ಅಳಲಿಲ್ಲ, ಬರೆದುಕೊಂಡಳು. ಒಬ್ಬರು “ತುಂಬ ಧೈರ್ಯದ ಹುಡುಗಿ” ಅಂದರು. ಆಗಲೇ ನನಗೆ ಗೊತ್ತಾಯಿತು. ಮೊನ್ನೆ ಕಾಗದ ಬಂತು, ಇಲ್ಲ ಅಂತ.

ಮಿಸ್ ರೊಸಾರಿಯೊ ಲಾಂಡ್ರಿಯ ಮೆಟ್ಟಿಲ ಮೇಲೆ ನಿಂತು ನನ್ನ ಮೇಲೆ ಕೂಗಾಡಿದಳು. “ಒಂದು ವಾರ ಕಣೇ! ಒಂದೇ ವಾರ ತಡೆದು ಅಳಿಸಬಾರದಿತ್ತಾ? ನಕಲು ಇಟ್ಕೊಳ್ಳೋದನ್ನ ನಾನು ಕಲಿಸ್ಲಿಲ್ವಾ?” ಕಲಿಸಿದ್ದಳು. ನಕಲು ಇದ್ದಿದ್ದರೆ ನಾನು ಮತ್ತೆ ಹಚ್ಚುತ್ತಿದ್ದೆ, ಅದು ನನಗೆ ಗೊತ್ತು, ನಿನಗೂ ಗೊತ್ತು. ಕೂಗಾಡಿ ಮುಗಿದ ಮೇಲೆ ಎದುರಿನ ಅಂಗಡಿಯಿಂದ ಸ್ಯಾಂಡ್‌ವಿಚ್ ತಂದು ಅರ್ಧ ನನಗೆ ಕೊಟ್ಟಳು. ಊರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಹಾಸ್ಟೆಲ್ ಇಲ್ಲ, ಮನೆಯಿಂದಲೇ ಓಡಾಡಬೇಕು, ಸಂಜೆ ಕೆಲಸ ಮಾಡಬೇಕು. ಒಂದು ದಿನವಿಡೀ ಅತ್ತೆ. ನಿನ್ನ ಮೇಲೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ.

ಇನ್ನೊಂದು ಮಾತು. ಆ ನಂಬರನ್ನು ನಾನು ಬಿಟ್ಟಿಲ್ಲ. ನನ್ನ ಫೋನಿಗೆ ತಿರುಗಿಸಿಕೊಂಡಿದ್ದೇನೆ. ಕತ್ತಲಾಗುವ ಹೊತ್ತಿಗೆ ರಿಂಗಾಗುತ್ತದೆ. ನಾನು ಎತ್ತಿ “ಹಲೋ” ಅಂದರೆ ಆ ಕಡೆ ಉಸಿರು ಕೇಳುತ್ತದೆ. ಆಮೇಲೆ ಇಟ್ಟುಬಿಡುತ್ತೀಯ. ಮಾರನೇ ದಿನ ಮತ್ತೆ ಮಾಡುತ್ತೀಯ. ನಾನು ಅವನಲ್ಲ ಚಿಕ್ಕಜ್ಜಿ. ಆದರೂ ಎತ್ತುತ್ತೇನೆ.

ಇಮಾರಿ


ಸೇಂಟ್ ಹೆಲೆನಾ ದ್ವೀಪ
ಮಾರ್ಚ್ 16, 2024

ಮಗಳೇ ಇಮಾರಿ,

ನಿನ್ನೆ ಸಂಜೆ ಕೊನೆಗೂ ನಾನು ಬಾಯಿ ಬಿಟ್ಟೆ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ದೊಡ್ಡ ಕಾಲೇಜು ನನ್ನಿಂದ ನಿನ್ನ ಕೈತಪ್ಪಿತು. ಅದಕ್ಕೆ ನಾನು ಏನು ಹೇಳಿದರೂ ಕಡಿಮೆಯೇ. ಸಿಟ್ಟು ಬಂತು ಅಂತ ಬರೆದೆಯಲ್ಲ, ಒಳ್ಳೆಯದಾಯಿತು. ಇಟ್ಟುಕೋ, ಸ್ವಲ್ಪ ದಿನ ಇರಲಿ.

ಅವನಲ್ಲ ಅಂತ ನನಗೆ ಮೊದಲ ಸಂಜೆಯೇ ಗೊತ್ತಾಗಿತ್ತು. ಕ್ವಾಡೀರ್ ಬೇಸಿಗೆಗೆ ಇಲ್ಲಿಗೆ ಬಂದರೆ ನನಗೆ ನಮಸ್ಕಾರ ಹೇಳುವ ಮೊದಲು ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ಎತ್ತುತ್ತಿದ್ದ. ಅಲ್ಲಿಂದ ಫೋನ್ ಮಾಡಿದರೂ ಮೊದಲು ಏನು ಅಡುಗೆ ಅಂತಲೇ ಕೇಳುತ್ತಿದ್ದ. ಈ ಯಂತ್ರ ಇಷ್ಟು ದಿನದಲ್ಲಿ ಒಂದು ಸಲವೂ ಕೇಳಲಿಲ್ಲ. ಗೊತ್ತಿದ್ದೂ ಮಾಡಿದೆ. ಕರೆದರೆ ಬರಲು ನನಗೆ ಬೇರೆ ಯಾರಿದ್ದರು? ಸತ್ತವರನ್ನು ಕರೆಯಬಾರದು ಅಂತ ನಿನಗೆ ಬರೆದ ಕಾಗದವನ್ನು ಅಂಚೆಗೆ ಹಾಕಿ ಮನೆಗೆ ಬಂದು, ಕೋಟು ಕೂಡ ಬಿಚ್ಚದೆ ಮೊದಲ ಸಲ ಆ ನಂಬರು ತಿರುಗಿಸಿದೆ.

ಈಗಲೂ ಹೆದರಿಕೆಯಾಗುತ್ತದೆ. ಮೊನ್ನೆ ಮಬ್ಬುಗತ್ತಲಲ್ಲಿ ಅಂಗಳದಾಚೆ ಗಾಡಿಯ ಸದ್ದು ಕೇಳಿತು, ಎಂಜಿನ್ ಆಫ್ ಆಗಿರಲಿಲ್ಲ. ಯಾರೋ ದಾರಿ ತಪ್ಪಿದವರಿರಬೇಕು. ನಾನು ಕುರ್ಚಿಯ ಕೈ ಹಿಡಿದು ಕೂತಿದ್ದೆ, ಎದ್ದು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಹೋಯಿತು.

ನಿನ್ನೆ ನೀನು ಎತ್ತಿದಾಗ ಇಡಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ನೀನು, “ಚಿಕ್ಕಜ್ಜಿ, ಮಾತಾಡದಿದ್ರೆ ಬಿಡು, ಇವತ್ತು ಏನ್ ಅಡುಗೆ ಅಷ್ಟು ಹೇಳು” ಅಂದೆ. ಒಲೆಯ ಕಡೆ ತಿರುಗಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ಎಷ್ಟು ದಿನದಿಂದಲೋ. ಟೊಮೆಟೊ ಹಾಕಿ ಕೆಂಪನ್ನ ಮಾಡಿದ್ದೇನೆ ಅಂತ ನಿನಗೆ ಸುಳ್ಳು ಹೇಳಿದೆ. ಸುಟ್ಟ ಸಾಸೇಜು ಹಾಕಿದ್ದೀಯಾ ಅಂತ ನೀನು ಕೇಳಿದೆ. ಹೌದು ಅಂದೆ ನಾನು.

ನೀನು ನಾಳೆಯೂ ಕೇಳುತ್ತೀಯ, ನನಗೆ ಗೊತ್ತು. ಅದಕ್ಕೆ ಇವತ್ತು ಅಂಗಡಿಗೆ ಹೋಗಿ ಟೊಮೆಟೊ, ಸಾಸೇಜು ತಂದೆ. ಪಾತ್ರೆ ಒಲೆಯ ಮೇಲಿದೆ. ಬೇಯುವವರೆಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದಂತೆ.

ಚಿಕ್ಕಜ್ಜಿ ಎರ್ನೆಸ್ಟೀನ್